ಡೇಟಾಗೆ 300, ಸುದ್ದಿಗೆ ಸೊನ್ನೆ

ಜರ್ಮನಿಯಲ್ಲಿ ಬಾಡಿಗೆ ಮನೆ ಹಿಡಿದು, ಊರ ಕಚೇರಿಯಲ್ಲಿ ವಿಳಾಸ ಬರೆಸಿದ ಕೆಲವೇ ವಾರಗಳಲ್ಲಿ ಅಂಚೆಯಲ್ಲಿ ಒಂದು ಕಾಗದ ಬರುತ್ತದೆ. ಕರೆಂಟಿನವರದ್ದಲ್ಲ, ತೆರಿಗೆಯವರದ್ದೂ ಅಲ್ಲ. ಸಾರ್ವಜನಿಕ ರೇಡಿಯೊ-ಟಿವಿ ನಡೆಸಲು ವಸೂಲು ಮಾಡುವ ಶುಲ್ಕದವರದ್ದು. ತಿಂಗಳಿಗೆ 18.36 ಯೂರೊ. ಮೂರು ತಿಂಗಳದ್ದು ಒಟ್ಟಿಗೆ 55.08 ಕಟ್ಟಬೇಕು. ಮನೆಯಲ್ಲಿ ಟಿವಿ ಇದೆಯಾ ಅಂತ ಕೇಳುವುದೇ ಇಲ್ಲ, ಯಾಕೆಂದರೆ 2013ರಿಂದ ಮನೆಗೊಂದು ಶುಲ್ಕ ಅಂತ ಲೆಕ್ಕ. ಜರ್ಮನ್ ಭಾಷೆ ಬರುತ್ತಾ ಅಂತಲೂ ಕೇಳುವುದಿಲ್ಲ. ನಮ್ಮ ದುಡ್ಡಿನಲ್ಲಿ ತಿಂಗಳಿಗೆ ಸುಮಾರು 1,800 ರೂಪಾಯಿ ಆಯ್ತು. ಸರ್ಕಾರದ ನೆರವಿನ ಮೇಲೆ ಬದುಕುವವರಿಗೆ ಮಾಫಿ ಇದೆ. ಉಳಿದವರು ಕಟ್ಟಲೇಬೇಕು.

ಕಲಬುರಗಿಯಲ್ಲಿರುವ ಅಪ್ಪನಿಗೆ ಇದನ್ನು ಹೇಳಿದರೆ ಅವರಿಗೆ ನಗು. “ನೋಡಲಾರದ ಟಿವಿಗಿ ರೊಕ್ಕ ಯಾಕ್ ಕಟ್ತಿಯೋ ತಮ್ಮಾ? ಇಲ್ಲಿ ಪುಕ್ಕಟ್ಟೆ ಕೊಟ್ರೂ ನೋಡೋರಿಲ್ಲ” ಅಂದರು.

ಅಪ್ಪ ಸುದ್ದಿ ಬೇಡದ ಮನುಷ್ಯರಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಚಾ ಕುಡಿಯುವ ಮೊದಲೇ ಪೇಪರ್ ನೋಡುತ್ತಾರೆ. ಪೇಪರ್ ಹಾಕುವ ಹುಡುಗ ಇನ್ನೂ ಸೈಕಲ್ ಹತ್ತಿರುವುದಿಲ್ಲ, ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಪತ್ರಿಕೆಗಳ ಪಿಡಿಎಫ್ ಬಂದು ಬಿದ್ದಿರುತ್ತದೆ. ಯಾರು ಹಾಕ್ತಾರೆ, ಎಲ್ಲಿಂದ ತರ್ತಾರೆ, ಯಾರೂ ಕೇಳುವುದಿಲ್ಲ. ಕೊರೊನಾ ಕಾಲದಲ್ಲಿ ಜನ ಪೇಪರ್ ಮುಟ್ಟಲು ಹೆದರಿದಾಗ ಹತ್ತಿದ ಚಟ ಇದು, ಇನ್ನೂ ಬಿಟ್ಟಿಲ್ಲ. ಅಪ್ಪ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಜಿಲ್ಲಾ ಪುಟ ಓದುತ್ತಾರೆ. ಒಂದು ಪುಟದ ಅರ್ಧ ಭಾಗ ಮಸುಕಾಗಿರುತ್ತದೆ, ಅಲ್ಲಿ ಕನ್ನಡಕ ಏರಿಸಿ ಫೋನನ್ನೇ ಮೂಗಿನ ಹತ್ತಿರ ತರುತ್ತಾರೆ. ಇಷ್ಟೆಲ್ಲ ಓದಿದ್ದಕ್ಕೆ ಯಾವ ಪತ್ರಿಕೆಗೂ ಒಂದು ರೂಪಾಯಿ ಹೋಗುವುದಿಲ್ಲ. ಅದೇ ಫೋನಿಗೆ 28 ದಿನಕ್ಕೊಮ್ಮೆ 300 ರೂಪಾಯಿ ಆಸುಪಾಸಿನ ರೀಚಾರ್ಜ್ ಮಾತ್ರ ತಪ್ಪುವುದಿಲ್ಲ. (ಈ 28 ದಿನದ ತಿಂಗಳು ಕಂಡುಹಿಡಿದವರಿಗೆ ದೊಡ್ಡ ನಮಸ್ಕಾರ. ವರ್ಷಕ್ಕೆ ಹದಿಮೂರು ತಿಂಗಳು ಮಾಡಿಟ್ಟರು.)

ನಾನು ಇಲ್ಲಿ ಅಪ್ಪನನ್ನು ದೂರುತ್ತಿಲ್ಲ. ನಮ್ಮ ಭಾಗದಲ್ಲಿ ಮುಕ್ಕಾಲು ಪಾಲು ಜನ ಹೀಗೇ ಇದ್ದಾರೆ, ಬೆಂಗಳೂರಿನವರೂ ಬೇರೆಯಲ್ಲ. ಆದರೆ ಸ್ಟುಟ್‌ಗಾರ್ಟ್‌ನಲ್ಲಿ ಕೂತು ಎರಡೂ ಕಡೆ ನೋಡುವಾಗ ಒಂದು ವಿಚಿತ್ರ ಕಾಣಿಸುತ್ತದೆ. ದುಡ್ಡು ಕೊಡುವ ಸುಲಭದ ದಾರಿ ನಮ್ಮ ಹತ್ತಿರ ಇದೆ, ಕೊಡುವ ರೂಢಿ ಇಲ್ಲ. ಇವರಿಗೆ ರೂಢಿ ಇದೆ, ದಾರಿ ಮಾತ್ರ ಅಜ್ಜನ ಕಾಲದ್ದು.

ದಾರಿಯ ಮಾತು ಮೊದಲು ಮುಗಿಸುತ್ತೇನೆ, ಅದರಲ್ಲಿ ನಮ್ಮ ಹೆಮ್ಮೆ ಇದೆ. ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಕೊತ್ತಂಬರಿ ಮಾರುವ ಅಮ್ಮನ ಬುಟ್ಟಿಯ ಪಕ್ಕ ಒಂದು ಕ್ಯೂಆರ್ ಕೋಡ್ ಹಲಗೆ. ಸಂಜೆ ಸುಸಲಾ-ಮಿರ್ಚಿ ತಿನ್ನಲು ಹೋದರೆ ಬಂಡಿಯ ಮೇಲೆ ಒಂದು ಸಣ್ಣ ಡಬ್ಬಿ, ಎಣ್ಣೆಯ ಕಲೆ ಮೆತ್ತಿಕೊಂಡು, ಯಾರು ಎಷ್ಟು ಹಾಕಿದರು ಅಂತ ಗಟ್ಟಿಯಾಗಿ ಕೂಗುತ್ತಿರುತ್ತದೆ. ಮಿರ್ಚಿ ಕರಿಯುವವರು ತಿರುಗಿಯೂ ನೋಡುವುದಿಲ್ಲ, ಕಿವಿಯಲ್ಲೇ ಲೆಕ್ಕ. ಯುಪಿಐ ಶುರುವಾಗಿದ್ದು 2016ರಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಹತ್ತು ರೂಪಾಯಿ ಕಳಿಸಿದರೂ ಹತ್ತೂ ರೂಪಾಯಿ ಮುಟ್ಟುತ್ತದೆ, ನಡುವೆ ಯಾರೂ ಮುರಿದುಕೊಳ್ಳುವುದಿಲ್ಲ. ಇಲ್ಲಿ ನಮ್ಮ ಬೀದಿಯ ಬೇಕರಿಯಲ್ಲಿ “ಕಾರ್ಡ್ 10 ಯೂರೊ ಮೇಲ್ಪಟ್ಟರೆ ಮಾತ್ರ” ಅಂತ ಚೀಟಿ. ಇಲ್ಲಿನ ಕೇಂದ್ರ ಬ್ಯಾಂಕ್ 2023ರಲ್ಲಿ ಲೆಕ್ಕ ಹಾಕಿದಾಗ ಖರೀದಿಗಳಲ್ಲಿ 51 ಶೇಕಡಾ ಇನ್ನೂ ನಗದಿನಲ್ಲೇ ನಡೆಯುತ್ತಿತ್ತು. ಕಾರು ಕಟ್ಟುವ ದೇಶ, ರೋಬಾಟ್ ಮಾಡುವ ದೇಶ, ಆದರೆ ವೈದ್ಯರ ಕ್ಲಿನಿಕ್‌ನಲ್ಲಿ ಈಗಲೂ ಫ್ಯಾಕ್ಸ್ ಮಷಿನ್ ಕೀರಲು ದನಿ ತೆಗೆಯುತ್ತದೆ. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಆದರೂ ಇದೇ ಜನ ಸುದ್ದಿಗೆ ದುಡ್ಡು ಕೊಡುತ್ತಾರೆ. ನಮ್ಮ ಕಟ್ಟಡದ ಕೆಳಗಿನ ಮನೆಯ ಅಜ್ಜಿ ಊರ ಪತ್ರಿಕೆಗೆ ಚಂದಾ ಕಟ್ಟಿದ್ದಾರೆ. ದಿನಾ ಓದಿ ದಿನಾ ಬೈಯುತ್ತಾರೆ. ಮೊದಲಿನ ಹಾಗೆ ಬರೆಯೋದಿಲ್ಲ, ತಪ್ಪು ಜಾಸ್ತಿ, ರೈಲ್ವೆ ಸ್ಟೇಷನ್ ಕಾಮಗಾರಿ ಬಗ್ಗೆ ಮೆತ್ತಗೆ ಬರೆದಿದ್ದಾರೆ ಅಂತ ಸಂಪಾದಕರಿಗೆ ಪತ್ರ ಹಾಕುತ್ತಾರೆ. (ಈ ಸ್ಟುಟ್‌ಗಾರ್ಟ್ ಸ್ಟೇಷನ್ ಕೆಲಸ 2010ರಲ್ಲಿ ಶುರುವಾಗಿದ್ದು. 2019ರಲ್ಲಿ ಮುಗಿಸುತ್ತೇವೆ ಅಂದಿದ್ದರು. ಕಾಮಗಾರಿ ಎಳೆಯುವುದರಲ್ಲಿ ನಾವೊಬ್ಬರೇ ಇಲ್ಲ ಅಂತ ಸಮಾಧಾನ ಆಗಲಿ.) ಅಜ್ಜಿಯ ಬೈಗುಳ ನನಗೆ ಬಹಳ ಇಷ್ಟ. ದುಡ್ಡು ಕೊಟ್ಟವರ ಬೈಗುಳ ಅದು. ನಾವು ಊರಲ್ಲಿ ಟಿವಿ ಚಾನೆಲ್‌ಗಳನ್ನು ಎಷ್ಟು ಬೈದರೂ ಅವರಿಗೆ ಏನೂ ತಟ್ಟುವುದಿಲ್ಲ, ಯಾಕೆಂದರೆ ನಾವು ಅವರ ಗಿರಾಕಿಗಳೇ ಅಲ್ಲ.

ಬರ್ಲಿನ್‌ನಲ್ಲಿ ತಾಟ್ಸ್ ಅಂತ ಒಂದು ಪತ್ರಿಕೆ ಇದೆ. 1992ರಿಂದ ಅದು ಸಹಕಾರಿ ಸಂಘ, ಓದುಗರೇ ಷೇರುದಾರರು. ಅದರ ವೆಬ್‌ಸೈಟಿಗೆ ಬೀಗ ಇಲ್ಲ. ಓದಿದ ಮೇಲೆ ಮನಸ್ಸಿದ್ದರೆ ದುಡ್ಡು ಹಾಕಿ ಅಂತ 2011ರಿಂದ ಕೇಳುತ್ತಾ ಬಂದಿದ್ದಾರೆ, ಜನ ಹಾಕುತ್ತಾ ಬಂದಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ವಾರದ ದಿನಗಳ ಅಚ್ಚು ಪ್ರತಿಯನ್ನೇ ನಿಲ್ಲಿಸಿದರು, ವಾರಾಂತ್ಯದ್ದು ಮಾತ್ರ ಕಾಗದದಲ್ಲಿ. ಅಚ್ಚು ನಿಂತರೂ ಪತ್ರಿಕೆ ಮುಚ್ಚಲಿಲ್ಲ. ಇದು ನನಗೆ ದೊಡ್ಡ ವಿಷಯ ಅನಿಸಿತು. ಸಹಕಾರಿ ಸಂಘ ನಮಗೇನು ಹೊಸದಾ? ಹಾಲಿಗೆ ಮಾಡಿದ್ದೇವೆ, ಸಾಲಕ್ಕೆ ಮಾಡಿದ್ದೇವೆ. ಸುದ್ದಿಗೆ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹಾಗಂತ ಜರ್ಮನಿಯ ಕಡ್ಡಾಯ ಶುಲ್ಕವನ್ನು ನಮ್ಮಲ್ಲಿ ತನ್ನಿ ಅಂತ ನಾನು ಹೇಳುವುದಿಲ್ಲ. ಖಂಡಿತ ಬೇಡ. ವರ್ಷಕ್ಕೆ 800 ಕೋಟಿ ಯೂರೊಗೂ ಜಾಸ್ತಿ ಹೀಗೆ ಸೇರುತ್ತದೆ, ಅಷ್ಟು ದುಡ್ಡು ಸೇರಿದ ಕಡೆ ಸೊಕ್ಕೂ ಸೇರುತ್ತದೆ. 2022ರಲ್ಲಿ ಈ ಶುಲ್ಕದಲ್ಲೇ ನಡೆಯುವ, ಬರ್ಲಿನ್ ಭಾಗದ ರೇಡಿಯೊ-ಟಿವಿ ಸಂಸ್ಥೆ ಆರ್‌ಬಿಬಿಯ ಮುಖ್ಯಸ್ಥೆ ದುಂದುವೆಚ್ಚದ ಆರೋಪದಲ್ಲಿ ಕುರ್ಚಿ ಬಿಡಬೇಕಾಯಿತು. ಶುಲ್ಕವೇ ಬೇಡ ಅನ್ನುವ ಕಟ್ಟಾ ಬಲಪಂಥೀಯ ಎಎಫ್‌ಡಿ ಪಕ್ಷ 2025ರ ಫೆಬ್ರವರಿ ಚುನಾವಣೆಯಲ್ಲಿ 20.8 ಶೇಕಡಾ ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಅವರ ಬೇರೆ ಮಾತುಗಳನ್ನು ಕೇಳಿದರೆ ನನ್ನಂಥ ಹೊರಗಿನವನಿಗೆ ನಡುಕ ಬರುತ್ತದೆ. ಆದರೆ ಶುಲ್ಕದ ಬಗ್ಗೆ ಗೊಣಗುವ ಎಲ್ಲರೂ ಆ ಪಕ್ಷದವರಲ್ಲ, ನನ್ನ ಆಫೀಸಿನ ಅರ್ಧ ಜನ ಗೊಣಗುತ್ತಾರೆ. ಇನ್ನು ನಮ್ಮಲ್ಲಿ ಇಂಥ ಶುಲ್ಕ ಬಂದರೆ ಅದು ಯಾರ ಕೈಗೆ ಹೋಗುತ್ತದೆ ಅಂತ ಹೇಳಬೇಕಾ? ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿಯ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬಂದಿದ್ದು 1997ರಲ್ಲಿ. ಕಾಗದದ ಮೇಲೆ ಸ್ವಾಯತ್ತ. ಸಂಬಳ ಮಾತ್ರ ಇಂದಿಗೂ ಸರ್ಕಾರದ್ದು. ದಿಲ್ಲಿಯಲ್ಲಿ ಯಾರೇ ಕೂತಿರಲಿ, ಸುದ್ದಿಯ ದನಿ ಅವರ ಕಡೆಗೇ ವಾಲುತ್ತದೆ. ಇದು ಒಂದು ಪಕ್ಷದ ಕಥೆಯಲ್ಲ.

ನಮ್ಮವರು ಸುದ್ದಿಗೆ ಎಂದೂ ದುಡ್ಡು ಕೊಟ್ಟವರೇ ಅಲ್ಲ ಅನ್ನುವುದೂ ಸುಳ್ಳು. ನಮ್ಮ ಮುತ್ಯಾನ ಟ್ರಂಕಿನಲ್ಲಿ ಒಂದು ರೇಡಿಯೊ ಲೈಸೆನ್ಸ್ ಪುಸ್ತಕ ಇತ್ತು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಸ್ಟಾಂಪ್ ಹಚ್ಚಿಸಿಕೊಂಡು ಬರುವುದು. ಸ್ಟಾಂಪಿನ ಮೇಲೆ ಕರಿ ಮುದ್ರೆ, ಮೂಲೆಯಲ್ಲಿ ಪೋಸ್ಟ್ ಮಾಸ್ತರರ ಸಹಿ. ಲೈಸೆನ್ಸ್ ಇಲ್ಲದೆ ರೇಡಿಯೊ ಇಟ್ಟುಕೊಂಡರೆ ದಂಡ. ಮುತ್ಯಾ ಗೊಣಗಿರಬಹುದು, ಆದರೆ ಕಟ್ಟುತ್ತಿದ್ದರು. ಸಂಜೆ ಪೇಟೆ ಧಾರಣೆ ಕೇಳಬೇಕಲ್ವಾ. 1980ರ ದಶಕದಲ್ಲಿ ಸರ್ಕಾರವೇ ಆ ಶುಲ್ಕ ತೆಗೆದುಹಾಕಿತು. ಅಲ್ಲಿಂದ ಮುಂದೆ ಕಿವಿಗೆ ಬೀಳುವುದು, ಕಣ್ಣಿಗೆ ಬೀಳುವುದು ಎಲ್ಲ ಪುಕ್ಕಟೆ ಅನ್ನುವ ಭಾವನೆ ಗಟ್ಟಿಯಾಯಿತು.

ಟಿವಿ ವಿಷಯದಲ್ಲಂತೂ ನಾವು ಬೆಂಗಳೂರಿಗಿಂತ ಮುಂದೆ. ಇದನ್ನು ಬೆಂಗಳೂರಿನ ಗೆಳೆಯರಿಗೆ ಹೇಳುವಾಗ ನನಗೆ ಸ್ವಲ್ಪ ಜಾಸ್ತಿಯೇ ಖುಷಿ. 1975-76ರಲ್ಲಿ ಅಮೆರಿಕದ ಉಪಗ್ರಹ ಬಾಡಿಗೆಗೆ ತಂದಂತೆ ತಂದು ದೇಶದ 2,400 ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ. ಜೇವರ್ಗಿ ಕಡೆಯ ನಮ್ಮ ಅವ್ವನ ಊರಲ್ಲಿ ಶಾಲೆ ಕಟ್ಟೆಯ ಮೇಲೆ ಟಿವಿ ಇಟ್ಟು ಊರೆಲ್ಲ ಕೂತು ಬೀಜ-ಗೊಬ್ಬರದ ಕಾರ್ಯಕ್ರಮ ನೋಡುತ್ತಿದ್ದರಂತೆ. ಟಿವಿ ಸರ್ಕಾರದ್ದು, ಕಾರ್ಯಕ್ರಮ ಸರ್ಕಾರದ್ದು, ಕೂರುವ ಚಾಪೆ ಮಾತ್ರ ಮನೆಯದ್ದು.

ಈಗ ಚಾಪೆಯೂ ಬೇಡ. ಎಲ್ಲ ಕೈಯಲ್ಲೇ ಇದೆ. ಆದರೆ ದುಡ್ಡು ಯಾರು ಕೊಡುತ್ತಿದ್ದಾರೆ? ಯಾರೋ ಕೊಡುತ್ತಲೇ ಇದ್ದಾರೆ, ಇಲ್ಲದಿದ್ದರೆ ನಡೆಯುವುದು ಹೇಗೆ?

ನಮ್ಮ ಕಡೆಯ ಯಾವುದೇ ತಾಲೂಕಿಗೆ ಹೋಗಿ ನೋಡಿ. ಶಾಸಕರ ಹುಟ್ಟುಹಬ್ಬದ ದಿನ ಪೇಪರ್ ತೆಗೆದರೆ ಸುದ್ದಿ ಹುಡುಕಬೇಕು. ಮೊದಲ ಪುಟದಲ್ಲಿ ಅರ್ಧ ಶಾಸಕರು, ಎರಡನೇ ಪುಟದಲ್ಲಿ ಪೂರ್ತಿ ಶಾಸಕರು, ಕೆಳಗೆ ಸಾಲಾಗಿ ಅಭಿಮಾನಿಗಳ ಪಾಸ್‌ಪೋರ್ಟ್ ಸೈಜಿನ ಮುಖಗಳು: ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು, ಸಂಘದ ಅಧ್ಯಕ್ಷರು. ಆ ಜಾಹೀರಾತು ಕೇಳಿಕೊಂಡು ಮನೆಮನೆಗೆ ಓಡಾಡಿದವರು ಯಾರು? ಅದೇ ತಾಲೂಕಿನ ವರದಿಗಾರರು. ಅವರಿಗೆ ಸಂಬಳ ಅನ್ನುವುದು ಹೆಸರಿಗೆ, ಕೆಲವರಿಗೆ ಅದೂ ಇಲ್ಲ. ಜಾಹೀರಾತಿನ ಕಮಿಷನ್ನೇ ಬದುಕು. ಹೀಗಿರುವಾಗ ಮಾರನೇ ದಿನ ಅದೇ ಗುತ್ತಿಗೆದಾರ ಹಾಕಿದ ರಸ್ತೆ ಒಂದು ಮಳೆಗೆ ಕಿತ್ತುಹೋದರೆ ಆ ವರದಿಗಾರ ಬರೆಯುತ್ತಾನಾ? ಬರೆದರೂ ‘ಸಾರ್ವಜನಿಕರ ಆಕ್ರೋಶ’ ಅಂತ ಹೆಸರಿಲ್ಲದೆ ನಾಲ್ಕು ಸಾಲು. ಅವನನ್ನು ಬೈದು ಏನು ಪ್ರಯೋಜನ. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಮಾರುವ ಯಾವ ರೈತನನ್ನಾದರೂ ಕೇಳಿ, ದಲಾಲಿ ಯಾರು ಕೊಡುತ್ತಾರೋ ತಕ್ಕಡಿ ಅವರ ಕಡೆ.

ಮೇಲಿನ ಮಟ್ಟದಲ್ಲೂ ಇದೇ. ದಿಲ್ಲಿ ಸರ್ಕಾರದ ಜಾಹೀರಾತು ಒಂದು ಕಡೆ, ಬೆಂಗಳೂರು ಸರ್ಕಾರದ್ದು ಇನ್ನೊಂದು ಕಡೆ. ಗ್ಯಾರಂಟಿಗಳ ವರ್ಷಾಚರಣೆ ಬಂದರೆ ಮುಖಪುಟ ಮಾರಾಟ, ಪ್ರಧಾನಿ ಬಂದರೆ ಮುಖಪುಟ ಮಾರಾಟ. ಯಾವ ಪಕ್ಷವೂ ಇದರಲ್ಲಿ ಉಪವಾಸ ಇಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನು ಮುಚ್ಚಿಡುವುದು ನಮ್ಮ ರಾಜಕೀಯದ ಹಳೇ ಅಭ್ಯಾಸ. ಚುನಾವಣಾ ಬಾಂಡ್ ಹೆಸರಿನಲ್ಲಿ 2018ರಿಂದ ಗುಟ್ಟಾಗಿ ದೇಣಿಗೆ ಹರಿಯಿತು. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿದ ಮೇಲೆ ಪಟ್ಟಿ ಹೊರಗೆ ಬಂತು. ಜರ್ಮನಿಯಲ್ಲಿ ಪಕ್ಷವೊಂದಕ್ಕೆ 35,000 ಯೂರೊಗಿಂತ ಜಾಸ್ತಿ ದೇಣಿಗೆ ಬಂದರೆ ಕೂಡಲೇ ಸಂಸತ್ತಿಗೆ ತಿಳಿಸಬೇಕು, ಅದು ಕೊಟ್ಟವರ ಹೆಸರಿನ ಸಮೇತ ಪ್ರಕಟವಾಗುತ್ತದೆ. ನಾನು ಸುಮ್ನೆ ಒಂದು ಸಂಜೆ ಆ ಪಟ್ಟಿ ನೋಡುತ್ತಾ ಕೂತಿದ್ದೆ. ಯಾವ ಕೋರ್ಟಿಗೂ ಹೋಗಬೇಕಾಗಿರಲಿಲ್ಲ.

ಈಗ ಆಳಂದದ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಬೇಕು ಅನಿಸಿದ್ದೇ ಅದರಿಂದ.

2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ದಿಲ್ಲಿಯಲ್ಲಿ ಪತ್ರಿಕಾಗೋಷ್ಠಿ ಮಾಡಿ ಆಳಂದದ ಹೆಸರು ಹೇಳಿದಾಗ ಇಲ್ಲಿ ನಮ್ಮ ಕನ್ನಡಿಗರ ಗುಂಪಿನಲ್ಲಿ ಅರ್ಧ ಜನ “ಆಳಂದ ಎಲ್ಲಿದೆ?” ಅಂದರು. ಕಲಬುರಗಿಯಿಂದ ಒಂದು ತಾಸಿನ ದಾರಿ ಅಂತ ನಾನು ಹೇಳಿದೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದಿದ್ದವು. ಒಬ್ಬ ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ತಮ್ಮ ಸಂಬಂಧಿಕರ ಹೆಸರೇ ಆ ಪಟ್ಟಿಯಲ್ಲಿರುವುದನ್ನು ಕಂಡರು. ಅರ್ಜಿ ಹಾಕಿದ್ದು ಯಾರು ಅಂತ ನೋಡಿದರೆ ನೆರೆಮನೆಯವರ ಹೆಸರು. ಅವರನ್ನು ಕೇಳಿದರೆ, ನಾನು ಯಾವ ಅರ್ಜಿಯನ್ನೂ ಹಾಕಿಲ್ಲ ಅಂದರು. ಪರಿಶೀಲನೆ ಮಾಡಿದಾಗ 6,018ರಲ್ಲಿ ಸರಿಯಿದ್ದವು 24 ಮಾತ್ರ. ಉಳಿದ 5,994 ಸುಳ್ಳು.

ಚುನಾವಣಾ ಆಯೋಗ ಕೊಟ್ಟ ಉತ್ತರವನ್ನೂ ಹೇಳಬೇಕು. ಸಾರ್ವಜನಿಕರು ಯಾರೂ ಆನ್‌ಲೈನ್‌ನಲ್ಲಿ ಹೆಸರು ಅಳಿಸಲು ಆಗುವುದಿಲ್ಲ, ಆಳಂದದಲ್ಲಿ ನಡೆದಿದ್ದು ವಿಫಲ ಪ್ರಯತ್ನ, 2023ರಲ್ಲೇ ನಮ್ಮ ಅಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟಿದ್ದಾರೆ ಅಂದರು. ಆ ಕ್ಷೇತ್ರದಲ್ಲಿ 2023ರಲ್ಲಿ ಗೆದ್ದಿದ್ದು ಕಾಂಗ್ರೆಸ್ಸೇ. ಇಷ್ಟು ಗೊತ್ತಿದ್ದರೆ ಎರಡೂ ಕಡೆಯವರ ಕೂಗಾಟ ಸ್ವಲ್ಪ ತಗ್ಗುತ್ತದೆ. ಆದರೆ ಕಳ್ಳ ಬೀಗ ಒಡೆಯಲಾಗದೆ ಹೋದ ಅಂದ ಮಾತ್ರಕ್ಕೆ ಅವನು ಯಾರು ಅಂತ ಹುಡುಕುವುದು ಬೇಡವಾ? ರಾಜ್ಯ ಸರ್ಕಾರ ಎಸ್‌ಐಟಿ, ಅಂದರೆ ವಿಶೇಷ ತನಿಖಾ ತಂಡ, ಮಾಡಿತು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ದುಡ್ಡು ಕೊಡಲಾಗಿತ್ತು ಅಂತ ತನಿಖೆಯಲ್ಲಿ ಕಂಡುಬಂದಿದೆ ಎಂಬ ವರದಿಗಳು ಅಕ್ಟೋಬರ್‌ನಲ್ಲಿ ಬಂದವು. ಕೋರ್ಟಿನಲ್ಲಿ ಏನಾಗುತ್ತದೋ ಆಗಲಿ.

80 ರೂಪಾಯಿ. ಒಬ್ಬ ಮನುಷ್ಯನ ಹೆಸರನ್ನು ಪಟ್ಟಿಯಿಂದ ತೆಗೆಸಲು ಹೊರಟವರಿಗೆ ಅದು ಕೊಡಬಹುದಾದ ದುಡ್ಡು ಅನಿಸಿತು. ಆ ಮನುಷ್ಯನಿಗೆ ತನ್ನ ತಾಲೂಕಿನಲ್ಲಿ ಏನು ನಡೆಯುತ್ತಿದೆ ಅಂತ ತಿಂಗಳಿಡೀ ಓದಲು 80 ರೂಪಾಯಿ ಜಾಸ್ತಿ ಅನಿಸುತ್ತದೆ. ಯಾಕೆ ಹೀಗೆ ಅಂತ ನನಗೆ ತಲೆ ಕೆಡುವುದು ಇಲ್ಲೇ. 2023ರ ಆರಂಭದಲ್ಲಿ ಆಳಂದದಲ್ಲಿ ಒಬ್ಬ ಪೂರ್ಣಾವಧಿ ವರದಿಗಾರ, ಯಾರ ಹಂಗಿಲ್ಲದೆ, ದಿನಾ ತಹಶೀಲ್ದಾರ್ ಕಚೇರಿಗೆ ಹೋಗಿ ಕಾಗದ ನೋಡಿ ಬರುತ್ತಿದ್ದರೆ, ಎರಡೂವರೆ ವರ್ಷ ಕಾದು ದಿಲ್ಲಿಯ ವೇದಿಕೆಯಿಂದ ನಮ್ಮೂರ ಸುದ್ದಿ ಕೇಳುವ ಗತಿ ಬರುತ್ತಿತ್ತಾ? ಸ್ಥಳೀಯವಾಗಿ ಒಂದಷ್ಟು ವರದಿ ಆಗಿತ್ತು, ಇಲ್ಲ ಅನ್ನುವುದಿಲ್ಲ. ಬೆನ್ನು ಹತ್ತಲು ದುಡ್ಡು ಬೇಕು, ಪುರಸೊತ್ತು ಬೇಕು.

ಇಲ್ಲಿ ಮತದಾರರ ಪಟ್ಟಿಗೆ ಬೇರೆ ಅರ್ಜಿಯೇ ಇಲ್ಲ. ವಿಳಾಸ ನೋಂದಣಿ ಮಾಡಿದ ನಾಗರಿಕರ ಹೆಸರು ತಾನಾಗಿ ಬರುತ್ತದೆ, ಚುನಾವಣೆಗೆ ಮುಂಚೆ ಮನೆಗೆ ಕಾಗದ ಬರುತ್ತದೆ. ಕಾಗದ ಬರಲಿಲ್ಲ ಅಂದರೆ ಏನೋ ಎಡವಟ್ಟಾಗಿದೆ ಅಂತ ಮುಂಚೆಯೇ ಗೊತ್ತಾಗುತ್ತದೆ. ಮತ ಕಾಗದದ ಮೇಲೆ. ಮತಯಂತ್ರಗಳನ್ನು 2009ರಲ್ಲಿ ಇಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಬೇಡ ಅಂದಿತು: ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯನೂ ಎಣಿಕೆ ಸರಿಯಿದೆಯಾ ಅಂತ ಸ್ವತಃ ನೋಡುವಂತಿರಬೇಕು ಅಂತ. ನಮ್ಮಲ್ಲಿ ಮತಪತ್ರಕ್ಕೆ ವಾಪಸ್ ಹೋಗೋಣ ಅನ್ನುವವರ ಜೊತೆ ನಾನಿಲ್ಲ, ಬೂತ್ ವಶ ಮಾಡಿಕೊಂಡು ಠಸ್ಸೆ ಒತ್ತಿದ ಕಥೆಗಳನ್ನು ಕೇಳಿಯೇ ಬೆಳೆದವರು ನಾವು. ಆದರೆ ನ್ಯಾಯಾಲಯದ ಆ ಮಾತು ಮತಯಂತ್ರಕ್ಕಿಂತ ನಮ್ಮ ಪಟ್ಟಿಗೆ ಜಾಸ್ತಿ ಒಪ್ಪುತ್ತದೆ. ಯಾರೋ ಎಲ್ಲೋ ಕೂತು ಒಟಿಪಿ ಹಾಕಿ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದರೆ ನನಗೆ ಹೇಗೆ ಗೊತ್ತಾಗಬೇಕು? ಅದೇ ಸೆಪ್ಟೆಂಬರ್‌ನಲ್ಲಿ ಆಯೋಗ ಆಧಾರ್ ಜೋಡಿಸಿದ ಮೊಬೈಲ್ ನಂಬರಿನಿಂದ ಇ-ಸಹಿ ಮಾಡುವ ಕ್ರಮ ತಂದಿತು. ಒಳ್ಳೆಯದು. ಆದರೆ ಕಳವು ತಿಳಿದಿದ್ದು ತನ್ನವರ ಹೆಸರು ನೋಡಿ ನೆರೆಮನೆಯ ಬಾಗಿಲು ತಟ್ಟಿದ ಒಬ್ಬ ಮನುಷ್ಯರಿಂದ. ಯಾವ ಆ್ಯಪಿನಿಂದಲೂ ಅಲ್ಲ.

ಅದೇ ತಿಂಗಳ ಕೊನೆಗೆ ಭೀಮಾ ನದಿ ಉಕ್ಕಿತು. ಅಫಜಲಪುರ, ಜೇವರ್ಗಿ, ಚಿತ್ತಾಪುರ, ಆ ಕಡೆ ಯಾದಗಿರಿ, ಎಲ್ಲೆಲ್ಲೂ ನೀರು, ತೊಗರಿ ಹೊಲಗಳು ಕೆರೆಯಾದವು. ನನಗೆ ಬೇಕಿದ್ದುದು ಸಣ್ಣ ಸಂಗತಿ: ಅವ್ವನ ತವರಿಗೆ ಹೋಗುವ ಸೇತುವೆ ಮೇಲೆ ನೀರು ಇದೆಯಾ, ಬಸ್ ಹೋಗುತ್ತಿದೆಯಾ. ಕನ್ನಡ ಚಾನೆಲ್‌ಗಳನ್ನು ಒಂದಾದ ಮೇಲೊಂದು ತೆಗೆದೆ. ‘ನವೆಂಬರ್ ಕ್ರಾಂತಿ’ ಆಗುತ್ತಾ, ಮುಖ್ಯಮಂತ್ರಿ ಕುರ್ಚಿ ಬದಲಾಗುತ್ತಾ, ಯಾರ ಮನೆಯಲ್ಲಿ ಯಾರು ಊಟ ಮಾಡಿದರು, ಅದೇ ಚರ್ಚೆ. ಪ್ರವಾಹ ಕೆಳಗಿನ ಓಡುವ ಸಾಲಿನಲ್ಲಿ. ಕೊನೆಗೆ ಸೇತುವೆ ಸುದ್ದಿ ಸಿಕ್ಕಿದ್ದು ಸೋದರಮಾವ ಕಳಿಸಿದ ಒಂದು ಅಲುಗಾಡುವ ವಿಡಿಯೊದಿಂದ. ಅದರ ಬೆನ್ನಿಗೇ ಇನ್ನೊಂದು ವಿಡಿಯೊ ಬಂತು, ಬಸ್ ಕೊಚ್ಚಿಹೋಗುವುದು. ಬಸ್ಸಿನ ಬೋರ್ಡ್ ದೊಡ್ಡದು ಮಾಡಿ ನೋಡಿದರೆ ಅಕ್ಷರಗಳು ಕನ್ನಡದ ಹಾಗೆ ಕಾಣುತ್ತಿದ್ದವು, ಓದಲು ಮಾತ್ರ ಬರುತ್ತಿರಲಿಲ್ಲ. ಎಐ ಕರಾಮತ್ತು. ನಮ್ಮ ಕುಟುಂಬದ ಗ್ರೂಪಿನಲ್ಲಿ ಆ ವಿಡಿಯೊಗೇ ಜಾಸ್ತಿ ಅಳುವ ಮುಖಗಳು ಬಿದ್ದಿದ್ದವು.

ಸುಳ್ಳು ಸುದ್ದಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಒಂದು ಮಸೂದೆ ತಯಾರಿಗೆ ಹೊರಟಿತು. ಕರಡಿನಲ್ಲಿ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತೆಲ್ಲ ಇತ್ತು. ಇದರ ಪರವಾಗಿ ಮಾತಾಡಿದ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ನಮ್ಮ ಜಿಲ್ಲೆಯವರೇ. ಉದ್ದೇಶದ ಬಗ್ಗೆ ಅನುಮಾನ ಪಡುವುದಿಲ್ಲ, ಆದರೆ ಯಾವುದು ಸುಳ್ಳು ಅಂತ ತೀರ್ಮಾನಿಸುವ ಕೋಲು ಸರ್ಕಾರದ ಕೈಯಲ್ಲಿದ್ದರೆ ಮುಂದಿನ ಸರ್ಕಾರದ ಕೈಗೂ ಅದೇ ಕೋಲು ಹೋಗುತ್ತದೆ ಅನ್ನುವುದನ್ನು ಮರೆಯಬಾರದು. ಜೈಲಿಗಿಂತ ಅಗ್ಗದ ಮದ್ದು, ಸೇತುವೆ ಹತ್ತಿರ ನಿಂತು ನಿಜ ಹೇಳುವ ಒಬ್ಬ ವರದಿಗಾರ.

ಆ ವರದಿಗಾರನಿಗೆ ದುಡ್ಡು ಕೊಡೋಣ ಅಂತ ಹೊರಟರೆ ನಮ್ಮ ಪತ್ರಿಕೆಗಳೇ ಬಿಡುವುದಿಲ್ಲ, ಇದೂ ಒಂದು ತಮಾಷೆ. ಒಂದು ಕನ್ನಡ ಪತ್ರಿಕೆಯ ಡಿಜಿಟಲ್ ಚಂದಾ ಕಟ್ಟಲು ಕೂತೆ. ಹೆಸರು ಬೇಡ. ಒಂದು ವರ್ಷದ್ದೇ ತಗೊಳ್ಳಿ ಅಂತು, ಸರಿ ಅಂದೆ. ಇಲ್ಲಿನ ಬ್ಯಾಂಕ್ ಕಾರ್ಡ್ ಬೇಡ ಅಂತು. ಊರಿನ ಕಾರ್ಡ್ ಹಾಕಿದೆ, ಒಟಿಪಿ ಊರಿನ ಸಿಮ್‌ಗೆ ಹೋಯಿತು. ನಮ್ಮಂಥವರು ಆ ಸಿಮ್ ಸಾಯದಿರಲಿ ಅಂತ ಹಳೇ ಫೋನಿನಲ್ಲಿ ಹಾಕಿ, ಕಿಟಕಿ ಪಕ್ಕ ಇಟ್ಟು, ರೀಚಾರ್ಜ್ ಮಾಡಿಸುತ್ತಾ ಸಾಕುತ್ತೇವೆ, ಅದು ಬೇರೆ ಕಥೆ. ವಿದೇಶಿ ನಂಬರಿನಿಂದಲೇ ಯುಪಿಐ ಬಳಸಲು 2023ರಲ್ಲಿ ಅನುಮತಿ ಕೊಟ್ಟಾಗ ಮೊದಲ ಪಟ್ಟಿಯ 10 ದೇಶಗಳಲ್ಲಿ ಜರ್ಮನಿ ಇರಲಿಲ್ಲ. ಅಂತೂ ದುಡ್ಡು ಹೋಯಿತು. ಒಳಗೆ ಹೋದರೆ ಕಲಬುರಗಿ ಪುಟ ಅಂತ ಬೇರೆ ಇಲ್ಲ, ಇಡೀ ಪೇಪರಿನ ಚಿತ್ರ, ಅಪ್ಪನ ವಾಟ್ಸಾಪ್ ಪಿಡಿಎಫ್‌ನಷ್ಟೇ ಮಸುಕು. ಹೀಗಾದರೆ ಯಾರು ಕೊಡ್ತಾರೆ ಹೇಳಿ.

ಕನ್ನಡದಲ್ಲಿ ಓದುಗರ ದುಡ್ಡಿನ ಮೇಲೆ ನಡೆಯಲು ನೋಡುತ್ತಿರುವ ತಾಣಗಳಿವೆ. ‘ಈದಿನ’ ಅನ್ನುವುದು ಇದೆ. ಇಂಗ್ಲಿಷಿನಲ್ಲಿ ನ್ಯೂಸ್‌ಲಾಂಡ್ರಿ 2012ರಿಂದ ನಡೆದುಕೊಂಡು ಬಂದಿದೆ, ಜಾಹೀರಾತು ಬೇಡ, ಓದುಗರೇ ಕೊಡಿ ಅನ್ನುವ ಹಟದ ಮೇಲೆ. ಇವರ ಎಲ್ಲ ನಿಲುವನ್ನೂ ಒಪ್ಪಬೇಕಾಗಿಲ್ಲ. ನಾನೂ ಒಪ್ಪುವುದಿಲ್ಲ. ಆದರೆ ಇವೆಲ್ಲ ಬೆಂಗಳೂರು, ದಿಲ್ಲಿ ಮಟ್ಟದವು. ನನಗೆ ಬೇಕಾಗಿರುವುದು ತಾಲೂಕು ಮಟ್ಟದ್ದು.

ಲೆಕ್ಕ ಹಾಕಿ ನೋಡಿ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರು ಅಂತ ಇಟ್ಟುಕೊಳ್ಳೋಣ. ನೂರಕ್ಕೆ ಒಬ್ಬರು ತಿಂಗಳಿಗೆ 30 ರೂಪಾಯಿ ಕೊಟ್ಟರೆ 60,000 ಆಯಿತು. ಇಬ್ಬರು ವರದಿಗಾರರಿಗೆ ನೆಟ್ಟಗಿನ ಸಂಬಳ. ಯುಪಿಐ ಆಟೋಪೇ ಬಂದು ವರ್ಷಗಳೇ ಆದವು, ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ತಾನೇ ಹೋಗುತ್ತದೆ. ಇಷ್ಟು ಸಣ್ಣ ದುಡ್ಡನ್ನೂ ಸುಲಭವಾಗಿ ವಸೂಲು ಮಾಡುವ ದಾರಿ ನಮ್ಮ ಹತ್ತಿರ ಇದೆ.

‘ನಮ್ಮ ಜನ ಕೊಡಲ್ಲ ಬಿಡ್ರಿ’ ಅನ್ನುವವರಿಗೆ ಶರಣಬಸವೇಶ್ವರ ಗುಡಿಯ ದಾಸೋಹ ತೋರಿಸಬೇಕು. ಯಾರೂ ಕಾಗದ ಕಳಿಸುವುದಿಲ್ಲ, ದಂಡ ಹಾಕುವುದಿಲ್ಲ. ರಾಶಿ ಮುಗಿದ ಮೇಲೆ ಜೋಳದ ಚೀಲ, ತೊಗರಿ ಚೀಲ ತಂದು ಇಳಿಸಿ ಹೋಗುತ್ತಾರೆ. ಬಂದೇನವಾಜ್ ಉರುಸಿನಲ್ಲೂ ಹಾಗೇ. ಕೊಟ್ಟದ್ದು ಊಟವಾಗಿ ಬಡಿಸುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಕೊಡುತ್ತಾರೆ. ಸುದ್ದಿಯವರು ಇವತ್ತಿನವರೆಗೆ ಏನನ್ನು ಬಡಿಸಿ ತೋರಿಸಿದ್ದಾರೆ? ರಸ್ತೆಯ ಟೆಂಡರ್ ಕಾಗದ ತೆಗೆದು ಪ್ರಕಟಿಸಲಿ. ಬೆಳೆ ವಿಮೆ ಯಾವ ಹಳ್ಳಿಗೆ ಬಂತು, ಯಾವ ಹಳ್ಳಿಗೆ ಬರಲಿಲ್ಲ, ಹೆಸರು ಸಮೇತ ಹಾಕಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಹೆಸರಲ್ಲಿ ಬಂದ ಹುದ್ದೆಗಳಲ್ಲಿ ಎಷ್ಟು ಖಾಲಿ ಇವೆ ಅಂತ ಇಲಾಖೆವಾರು ಬರೆಯಲಿ. ತಿಂಗಳ ಕೊನೆಗೆ ಓದುಗರಿಂದ ಎಷ್ಟು ಬಂತು, ಯಾರಿಗೆ ಎಷ್ಟು ಸಂಬಳ ಹೋಯಿತು ಅನ್ನುವ ಲೆಕ್ಕವನ್ನೂ ಕೊಡಲಿ.

ಆಳಂದದಲ್ಲೋ ಸೇಡಂನಲ್ಲೋ ಚಿತ್ತಾಪುರದಲ್ಲೋ ಇಬ್ಬರು ಹುಡುಗ-ಹುಡುಗಿಯರು ಇಂಥದ್ದೊಂದು ಶುರು ಮಾಡಿದರೆ ವರ್ಷದ ದುಡ್ಡು ಮುಂಗಡವಾಗಿ ನನ್ನಿಂದ ತಗೊಳ್ಳಲಿ. ಆ ಕಿಟಕಿ ಪಕ್ಕದ ಸಿಮ್ ಇದ್ದೇ ಇದೆ. ಷರತ್ತು ಒಂದೇ, ಶಾಸಕರ ಹುಟ್ಟುಹಬ್ಬದ ಜಾಹೀರಾತು ಹಾಕಬಾರದು, ಅವರು ಯಾವ ಪಕ್ಷದವರೇ ಆಗಿರಲಿ.